ಕೋಡಿಸಿಸ್‌ನಲ್ಲಿ ಸ್ಟೇಟ್ ಮಷಿನ್: ಎರಡನೇ ಬ್ಯಾಚ್ ಓಡ್ಸೋವರೆಗೂ ನಂಬ್ಬೇಡಿ

ಕೋಡಿಸಿಸ್ ಅಂದ್ರೆ ಪಿಎಲ್‌ಸಿಗೆ, ಅಂದ್ರೆ ಮಷಿನ್‌ಗಳನ್ನ ನಡ್ಸೋ ಪುಟ್ಟ ಕಂಪ್ಯೂಟರ್‌ಗೆ, ಪ್ರೋಗ್ರಾಮ್ ಬರೆಯೋ ಸಾಫ್ಟ್‌ವೇರ್. ಅದನ್ನ ಬಳಸೋಕೆ ಶುರು ಮಾಡಿ ಹತ್ರಹತ್ರ ಒಂದ್ ವರ್ಷ ಆಯ್ತು, ಪ್ಯಾನೆಲ್ ಕೆಲಸ ಮಾಡೋ ನಾಲ್ಕೈದು ಜನ ಫೋನ್ ಮಾಡಿ ಹೆಂಗಿದೆ ಅಂತ ಕೇಳ್ತಾನೇ ಇದಾರೆ, ಒಬ್ಬೊಬ್ರಿಗೂ ಅರ್ಧ ಗಂಟೆ ಹೇಳೋ ಬದ್ಲು ಇಲ್ಲೇ ಒಂದ್ಸಲ ಬರೆದ್ಬಿಡ್ತೀನಿ. ಉದ್ದ ಆಗುತ್ತೆ. ಕಾಫಿ ಇಟ್ಕೊಂಡು ಓದಿ.

ನಾನು ಕಂಪ್ಯೂಟರ್ ಸೈನ್ಸ್ ಓದಿದೋನಲ್ಲ, ಎಲೆಕ್ಟ್ರಿಕಲ್ ಡಿಪ್ಲೊಮಾ, ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನೆಲ್ ಕಟ್ಟೋ ಕೆಲಸ. ಸ್ಟಾರ್ ಡೆಲ್ಟಾ, ಪಂಪ್ ಪ್ಯಾನೆಲ್, ಕನ್ವೇಯರ್ ಅಂಥದ್ದೆಲ್ಲ ರಿಲೇ ಹಾಕಿ ಕಟ್ಕೊಂಡು ಬಂದೋನು. ಲ್ಯಾಡರ್, ಅಂದ್ರೆ ರಿಲೇ ಸರ್ಕ್ಯೂಟ್ ಥರಾನೇ ಚಿತ್ರ ಬಿಡಿಸಿ ಪ್ರೋಗ್ರಾಮ್ ಬರೆಯೋ ಭಾಷೆ, ಬರುತ್ತೆ. ಸ್ಟೇಟ್ ಮಷಿನ್ ಅನ್ನೋ ಮಾತು ಕೇಳಿದ್ದೆ ಅಷ್ಟೇ, ಅದು ಕಾಲೇಜಲ್ಲಿ ಫ್ಲಿಪ್‌ಫ್ಲಾಪ್ ಪಾಠದ ಜೊತೆ ಬಂದು ಪರೀಕ್ಷೆ ಆದ್ಮೇಲೆ ಹೊರಟೋಗಿತ್ತು.

ಹಾಸನದ ಕಡೆ ಒಬ್ರು ಸಣ್ಣ ಡೈರಿ ಇಟ್ಟಿದಾರೆ, ಅಲ್ಲಿ 500 ಲೀಟರ್‌ನ ಬ್ಯಾಚ್ ಪಾಶ್ಚರೈಸರ್. ದೊಡ್ಡ ಡೈರಿಗಳಲ್ಲಿ ಹಾಲು ಹರೀತಾ ಇರೋವಾಗ್ಲೇ 72 ಡಿಗ್ರಿಗೆ 15 ಸೆಕೆಂಡ್ ಕಾಯ್ಸೋ ಪದ್ಧತಿ ಇರುತ್ತಲ್ಲ, ಇದು ಅದಲ್ಲ, ಇದು ಹಳೇ ಪದ್ಧತಿ, ತೊಟ್ಟಿಗೆ ಹಾಲು ತುಂಬ್ಸಿ 63 ಡಿಗ್ರಿಗೆ ಕಡಿಮೆ ಇಲ್ದಂಗೆ 30 ನಿಮಿಷ ಹಿಡಿದಿಟ್ಟು ಆಮೇಲೆ ಚಿಲ್ಡ್ ವಾಟರ್ ಬಿಟ್ಟು ತಣ್ಸೋದು. ಹಳೇ ಪ್ಯಾನೆಲ್‌ನಲ್ಲಿ ಎಂಟು ರಿಲೇ, ಮೂರು ಟೈಮರ್, ಒಂದು ಟೆಂಪರೇಚರ್ ಕಂಟ್ರೋಲರ್. ಯಾವನೋ ಕಟ್ಟಿದ್ದು, ಡ್ರಾಯಿಂಗ್ ಇಲ್ಲ, ವೈರ್‌ಗೆ ನಂಬರ್ ಇಲ್ಲ. ಆಪರೇಟರ್ ಹುಡುಗ ಯಾವ ಸ್ವಿಚ್ ಯಾವಾಗ ಒತ್ಬೇಕು ಅಂತ ಬಾಯಿಪಾಠ ಮಾಡ್ಕೊಂಡಿದ್ದ, ಅವನು ರಜ ಹಾಕಿದ್ ದಿನ ಮಾಲೀಕ್ರೇ ಬಂದು ನಿಂತ್ಕೋಬೇಕಿತ್ತು.

ಸರಿ ಪಿಎಲ್‌ಸಿ ಹಾಕೋಣ ಅಂತ ಒಪ್ಕೊಂಡೆ. ಮೊದಲು ನನಗೆ ಗೊತ್ತಿರೋ ರೀತೀಲೇ ಲ್ಯಾಡರ್ ಬರೆದೆ. ಹೀಟಿಂಗ್‌ಗೆ ಒಂದು ಬಿಟ್, ಹೋಲ್ಡಿಂಗ್‌ಗೆ ಒಂದು ಬಿಟ್, ಕೂಲಿಂಗ್‌ಗೆ ಒಂದು, ಸೆಟ್ಟು ರೀಸೆಟ್ಟು ಸೆಟ್ಟು ರೀಸೆಟ್ಟು. ಮೂವತ್ತು ರಂಗ್ (ಲ್ಯಾಡರ್‌ನ ಒಂದೊಂದು ಸಾಲು) ದಾಟೋ ಹೊತ್ತಿಗೆ ನಾನು ಬರೆದಿದ್ದು ನನಗೇ ಅರ್ಥ ಆಗ್ತಿರ್ಲಿಲ್ಲ. ಬೆಂಚ್ ಮೇಲೆ ಟೆಸ್ಟ್ ಮಾಡ್ವಾಗ ಒಂದ್ಸಲ ಹೀಟಿಂಗ್ ಬಿಟ್ಟೂ ಕೂಲಿಂಗ್ ಬಿಟ್ಟೂ ಎರಡೂ ಒಟ್ಟಿಗೆ ಆನ್ ಆಗಿ, ಸ್ಟೀಮ್ ವಾಲ್ವ್ ಲ್ಯಾಂಪೂ ಚಿಲ್ಡ್ ವಾಟರ್ ಲ್ಯಾಂಪೂ ಜೊತೆಜೊತೆಗೆ ಉರೀತಾ ಕೂತಿತ್ತು, ಒಂದ್ ಕಡೆಯಿಂದ ಕಾಯ್ಸಿ ಇನ್ನೊಂದ್ ಕಡೆಯಿಂದ ತಣ್ಸೋದು, ಕರೆಂಟ್ ಬಿಲ್ ಕಟ್ಟೋರಿಗೆ ದೇವರೇ ಗತಿ. ಯಾವ ರಂಗ್ ಅದನ್ನ ರೀಸೆಟ್ ಮಾಡ್ಲಿಲ್ಲ ಅಂತ ಹುಡುಕೋಕೆ ಒಂದ್ ಸಂಜೆ ಪೂರ್ತಿ ಹೋಯ್ತು.

ಆಗ ಒಬ್ಬ ಫ್ರೆಂಡ್ ಹೇಳಿದ್ದು, ಬಿಟ್‌ಗಳನ್ನೆಲ್ಲ ಎಸಿ, ಒಂದೇ ಒಂದ್ ವೇರಿಯಬಲ್ ಇಟ್ಕೋ, ಮಷಿನ್ ಈಗ ಎಲ್ಲಿದೆ ಅನ್ನೋದು ಅದರಲ್ಲಿ ಮಾತ್ರ ಇರ್ಲಿ ಅಂತ. ಒಂದ್ ವೇರಿಯಬಲ್‌ಗೆ ಒಂದ್ ಸಲಕ್ಕೆ ಒಂದೇ ಬೆಲೆ ತಾನೇ ಇರೋದು, ಅದು ಹೀಟಿಂಗೂ ಹೌದು ಕೂಲಿಂಗೂ ಹೌದು ಆಗೋಕೆ ಚಾನ್ಸೇ ಇಲ್ಲ. ಅಷ್ಟೇ ನೋಡಿ ಸ್ಟೇಟ್ ಮಷಿನ್ ಅಂದ್ರೆ. ಇಷ್ಟು ಸಣ್ಣ ವಿಷಯಕ್ಕೆ ಕಾಲೇಜಲ್ಲಿ ಅಷ್ಟೊಂದು ಬಾಣದ ಗುರುತು, ವೃತ್ತ ಯಾಕೆ ಬರೆಸಿದ್ರೋ ಗೊತ್ತಿಲ್ಲ, ಅಥವಾ ನಾನೇ ಹಿಂದಿನ ಬೆಂಚಲ್ಲಿ ನಿದ್ದೆ ಮಾಡ್ತಿದ್ನೇನೋ.

ಅವನೇ ಕೋಡಿಸಿಸ್ ಡೌನ್‌ಲೋಡ್ ಮಾಡು ಅಂದಿದ್ದು. ಜರ್ಮನಿಯ ಕೆಂಪ್ಟನ್ ಅನ್ನೋ ಊರಿನ ಕಂಪನಿ, 1994ರಲ್ಲಿ ಶುರುವಾಗಿದ್ದು, ಆಗ ಹೆಸರು 3ಎಸ್, 2020ರಲ್ಲಿ ಸಾಫ್ಟ್‌ವೇರ್ ಹೆಸರನ್ನೇ ಕಂಪನಿಗೂ ಇಟ್ಕೊಂಡ್ರು. ಇವ್ರು ಪಿಎಲ್‌ಸಿ ಮಾರೋರಲ್ಲ, ಬೇರೆ ಕಂಪನಿಗಳ ಪಿಎಲ್‌ಸಿಗೆ ಎಡಿಟರ್ರೂ ರನ್‌ಟೈಮೂ (ಪಿಎಲ್‌ಸಿ ಒಳಗೆ ಪ್ರೋಗ್ರಾಮ್ ಓಡ್ಸೋ ಸಾಫ್ಟ್‌ವೇರ್) ಕೊಡೋರು. ವ್ಯಾಗೋ, ಐಎಫ್‌ಎಂ, ಈಟನ್, ಶ್ನೈಡರ್‌ನ ಮಷಿನ್ ಎಕ್ಸ್‌ಪರ್ಟ್ ಇವುಗಳಲ್ಲೆಲ್ಲ ಒಳಗಡೆ ಇದೇ ಇರೋದು, ಹೊರಗಡೆ ಬಣ್ಣ ಬೇರೆ. ಹಂಗಾಗಿ ಇಲ್ಲಿ ಕಲ್ತಿದ್ದು ಸುಮಾರು ಕಡೆ ಉಪಯೋಗಕ್ಕೆ ಬರುತ್ತೆ, ನನಗೆ ಇದು ದೊಡ್ಡ ಪ್ಲಸ್ ಪಾಯಿಂಟು. ಭಾಷೆಗಳೂ ಅವ್ರ ಸ್ವಂತದ್ದಲ್ಲ, ಐಇಸಿ 61131-3 ಅಂತ 1993ರಲ್ಲಿ ಬಂದ ಸ್ಟ್ಯಾಂಡರ್ಡ್ ಇದೆಯಲ್ಲ ಅದರದ್ದೇ, ಲ್ಯಾಡರ್, ಫಂಕ್ಷನ್ ಬ್ಲಾಕ್, ಸ್ಟ್ರಕ್ಚರ್ಡ್ ಟೆಕ್ಸ್ಟ್, ಎಸ್‌ಎಫ್‌ಸಿ (ಸೀಕ್ವೆನ್ಶಿಯಲ್ ಫಂಕ್ಷನ್ ಚಾರ್ಟ್) ಎಲ್ಲ ಇದೆ.

ಇನ್‌ಸ್ಟಾಲ್ ಬಗ್ಗೆ ಜಾಸ್ತಿ ಹೇಳಲ್ಲ. ವಿಂಡೋಸ್‌ಗೆ ಮಾತ್ರ. ದೊಡ್ಡ ಫೈಲು, ಅಕೌಂಟ್ ಮಾಡ್ಕೊಂಡು ಅವ್ರ ಸ್ಟೋರ್‌ನಿಂದ ಇಳಿಸ್ಕೋಬೇಕು. ಎಡಿಟರ್‌ಗೆ ಕಾಸಿಲ್ಲ. ನನ್ನ ಲ್ಯಾಪ್‌ಟಾಪ್ ಮುದುಕ, ಅವನಿಗೆ ಏದುಸಿರು ಬಂತು, ಅದು ಲ್ಯಾಪ್‌ಟಾಪ್ ತಪ್ಪು.

ಈಗ ಮುಖ್ಯ ವಿಷಯ. ಸ್ಟೇಟ್ ಮಷಿನ್ ಬರೆಯೋಕೆ ಇದರಲ್ಲಿ ಎರಡು ದಾರಿ. ಒಂದು ಸ್ಟ್ರಕ್ಚರ್ಡ್ ಟೆಕ್ಸ್ಟ್‌ನಲ್ಲಿ ಕೇಸ್ ಹಾಕಿ, ಅಂದ್ರೆ ವೇರಿಯಬಲ್‌ನ ಒಂದೊಂದು ಬೆಲೆಗೂ ಒಂದೊಂದು ಕೊಂಬೆ ಕೋಡ್ ಬರೆಯೋದು, ಇನ್ನೊಂದು ಎಸ್‌ಎಫ್‌ಸಿಯಲ್ಲಿ ಚಿತ್ರ ಬಿಡಿಸೋದು. ನಾನು ಎರಡರಲ್ಲೂ ಅದೇ ಪಾಶ್ಚರೈಸರ್ ಬರೆದು ನೋಡಿದೀನಿ.

ಕೇಸ್ ದಾರಿಯಲ್ಲಿ ಮೊದಲು ಒಂದು ಎನ್ಯುಮರೇಶನ್ ಮಾಡ್ಕೋಬೇಕು, ಅಂದ್ರೆ ಸ್ಟೇಟ್‌ಗಳ ಹೆಸರಿನ ಪಟ್ಟಿ: ಐಡಲ್, ಫಿಲ್, ಹೀಟ್, ಹೋಲ್ಡ್, ಕೂಲ್, ಡ್ರೇನ್, ಫಾಲ್ಟ್. 10, 20, 30 ಅಂತ ನಂಬರ್ ಹಾಕಿ ಬರೆಯೋರು ತುಂಬ ಜನ ಇದಾರೆ, ಪಕ್ಕದಲ್ಲಿ ಕಾಮೆಂಟ್ ಹಾಕ್ತೀವಿ ಬಿಡಿ ಅಂತಾರೆ, ಆರು ತಿಂಗ್ಳಾದ್ಮೇಲೆ 35 ಅಂದ್ರೆ ಏನು ಅಂತ ಅವ್ರಿಗೇ ಗೊತ್ತಿರಲ್ಲ. ಕೋಡಿಸಿಸ್‌ನಲ್ಲಿ ಎನ್ಯುಮರೇಶನ್ ಬಳಸಿದ್ರೆ ಲೈವ್ ನೋಡೋವಾಗ ನಂಬರ್ ಬದ್ಲು ಹೆಸರೇ ಕಾಣುತ್ತೆ, ಹೋಲ್ಡ್ ಅಂದ್ರೆ ಹೋಲ್ಡ್ ಅಂತಾನೇ ತೋರ್ಸುತ್ತೆ. ಸಣ್ಣ ವಿಷಯ ಅನ್ಸುತ್ತೆ, ರಾತ್ರಿ ಹತ್ತು ಗಂಟೆಗೆ ಸೈಟಲ್ಲಿ ಸೊಳ್ಳೆ ಹೊಡ್ಕೊಂಡು ಡೀಬಗ್ ಮಾಡ್ವಾಗ ಗೊತ್ತಾಗುತ್ತೆ ಅದರ ಬೆಲೆ.

ಕೇಸ್‌ದು ಇನ್ನೊಂದು ಒಳ್ಳೇದು ಅಂದ್ರೆ ಒಂದ್ ಸ್ಕ್ಯಾನ್‌ಗೆ ಒಂದೇ ಕೊಂಬೆ ಓಡುತ್ತೆ. ಪಿಎಲ್‌ಸಿ ಅಂದ್ರೆ ಇನ್‌ಪುಟ್ ಓದೋದು, ಪ್ರೋಗ್ರಾಮ್ ಮೇಲಿಂದ ಕೆಳಕ್ಕೆ ಓಡ್ಸೋದು, ಔಟ್‌ಪುಟ್ ಬರೆಯೋದು, ಮತ್ತೆ ಶುರು, ಇಂಥ ಒಂದ್ ಸುತ್ತೇ ಸ್ಕ್ಯಾನ್, ನಾನು ಇದನ್ನ 20 ಮಿಲಿಸೆಕೆಂಡ್‌ಗೆ ಇಟ್ಟಿದೀನಿ. ಇದೇ ಕೆಲಸನ ಒಂದರ ಕೆಳಗೊಂದು ಇಫ್ ಹಾಕಿ ಬರೆದ್ರೆ, ಮೊದಲ್ನೇ ಇಫ್ ಸ್ಟೇಟ್ ಬದಲಾಯ್ಸಿದ ತಕ್ಷಣ ಕೆಳಗಿನ ಇಫ್ ಅದೇ ಸ್ಕ್ಯಾನಲ್ಲಿ ಹೊಸ ಸ್ಟೇಟ್ ನೋಡಿ ತಾನೂ ಓಡುತ್ತೆ, ಒಂದೇ ಏಟಿಗೆ ಎರಡು ಮೆಟ್ಲು ಹತ್ತಿಬಿಡುತ್ತೆ, ಮಧ್ಯದ ಸ್ಟೇಟು ಬಂದಿದ್ದೂ ಹೋಗಿದ್ದೂ ಸ್ಕ್ರೀನಲ್ಲಿ ಕಾಣ್ಸೋದೇ ಇಲ್ಲ. ಕೇಸ್‌ನಲ್ಲಿ ಆ ತಲೆನೋವಿಲ್ಲ.

ಔಟ್‌ಪುಟ್‌ಗಳನ್ನ ನಾನು ಕೇಸ್ ಒಳಗೆ ಬರೆಯಲ್ಲ. ಕೊನೇಲಿ ಒಂದೊಂದೇ ಸಾಲು: ಸ್ಟೀಮ್ ಬೇಕಾಗೋದು ಸ್ಟೇಟು ಹೀಟ್ ಅಥವಾ ಹೋಲ್ಡ್ ಇದ್ದು ಟೆಂಪರೇಚರ್ ಕಡಿಮೆ ಇದ್ರೆ ಮಾತ್ರ, ಚಿಲ್ಡ್ ವಾಟರ್ ಕೂಲ್ ಸ್ಟೇಟಲ್ಲಿ ಮಾತ್ರ. ಸ್ಟೀಮ್ ವಾಲ್ವ್ ಯಾಕೆ ಆನ್ ಆಗಿದೆ ಅಂತ ಯಾರಾದ್ರೂ ಕೇಳಿದ್ರೆ ಒಂದೇ ಸಾಲು ತೋರಿಸ್ತೀನಿ. ಹಳೇ ಲ್ಯಾಡರ್‌ನಲ್ಲಿ ಅದೇ ಕಾಯಿಲ್ ಮೂರು ಕಡೆ ಇತ್ತು, ಕೊನೇಲಿ ಇರೋ ರಂಗ್ ಹೇಳಿದ್ದೇ ನಡೀತಿತ್ತು, ಮೇಲಿನ ಎರಡು ರಂಗ್ ಸುಮ್ನೆ ಶೋಕಿಗೆ.

ಒಂದು ಕೊರತೆ. ಎನ್ಯುಮರೇಶನ್‌ಗೆ ಹೊಸ ಸ್ಟೇಟ್ ಸೇರ್ಸಿ ಕೇಸ್‌ನಲ್ಲಿ ಅದಕ್ಕೆ ಜಾಗ ಕೊಡೋದು ಮರೆತ್ರೆ ಮಾಮೂಲಿ ಕಂಪೈಲರ್ ಏನೂ ಅನ್ನಲ್ಲ, ಆರಾಮಾಗಿ ಬಿಲ್ಡ್ ಆಗುತ್ತೆ, ಮಷಿನ್ ಆ ಸ್ಟೇಟಿಗೆ ಹೋಗಿ ಎಮ್ಮೆ ಕೆರೆಗಿಳಿದಂಗೆ ಅಲ್ಲೇ ಕೂತ್ಬಿಡುತ್ತೆ. ಪೂರ್ತಿ ಕೋಡ್ ಚೆಕ್ ಮಾಡೋ ಸ್ಟ್ಯಾಟಿಕ್ ಅನಾಲಿಸಿಸ್ ಆಡ್‌ಆನ್‌ಗೆ ಬೇರೆ ದುಡ್ಡು ಕೊಡ್ಬೇಕು. ನಾನು ಕೇಸ್ ಕೊನೇಲಿ ಎಲ್ಸ್ (ಯಾವ ಕೊಂಬೆಗೂ ಸೇರದ್ದೆಲ್ಲ ಬರೋ ಜಾಗ) ಹಾಕಿ ಫಾಲ್ಟ್‌ಗೆ ಕಳಿಸ್ತೀನಿ, ಅಷ್ಟು ಸಾಕು.

ಈಗ ಎರಡನೇ ಬ್ಯಾಚ್ ಕಥೆ. ಇದಕ್ಕೋಸ್ಕರಾನೇ ನಾನು ಈ ಸಾಫ್ಟ್‌ವೇರ್‌ಗೆ ಒಳ್ಳೆ ಮಾರ್ಕ್ಸ್ ಕೊಡ್ತಿರೋದು.

ಹೋಲ್ಡ್ ಸ್ಟೇಟಲ್ಲಿ 30 ನಿಮಿಷ ಎಣಿಸೋಕೆ ಟಿಓಎನ್ ಟೈಮರ್, ಅಂದ್ರೆ ಇನ್ ಅನ್ನೋ ಇನ್‌ಪುಟ್ ಆನ್ ಆಗಿ ಇಟ್ಟ ಸಮಯ ಮುಗಿದ್ಮೇಲೆ ಕ್ಯೂ ಅನ್ನೋ ಔಟ್‌ಪುಟ್ ಕೊಡೋದು, ಹಾಕ್ಬೇಕು, ಅದನ್ನ ನಾನು ಕೇಸ್ ಒಳಗೆ, ಹೋಲ್ಡ್ ಕೊಂಬೆಯಲ್ಲೇ ಬರೆದೆ, ಎಲ್ಲಿ ಬೇಕೋ ಅಲ್ಲಿ ತಾನೇ ಬರೆಯೋದು, ಓದೋಕೂ ಚೆನ್ನಾಗಿತ್ತು. ಟೈಮರ್‌ನ ಇನ್ ಕಾಲಿಗೆ ಟೆಂಪರೇಚರ್ 63ಕ್ಕೆ ಕಡಿಮೆ ಇಲ್ಲ ಅನ್ನೋ ಷರತ್ತು, ಕ್ಯೂ ಬಂದ ತಕ್ಷಣ ಕೂಲ್‌ಗೆ ಹೋಗು. ಹಾರ್ಡ್‌ವೇರ್ ಇನ್ನೂ ಬಂದಿರ್ಲಿಲ್ಲ, ಸಿಮ್ಯುಲೇಶನ್ ಮೋಡ್‌ನಲ್ಲಿ ಓಡ್ಸಿದೆ. ಅರ್ಧ ಗಂಟೆ ಯಾರು ಕಾಯ್ತಾರೆ ಅಂತ 30 ನಿಮಿಷದ ಬದ್ಲು 30 ಸೆಕೆಂಡ್ ಇಟ್ಟೆ. ತುಂಬ್ತು, ಕಾಯ್ತು, ಹೋಲ್ಡ್‌ಗೆ ಬಂತು, 30 ಸೆಕೆಂಡ್ ಎಣಿಸ್ತು, ತಣೀತು, ಖಾಲಿ ಆಯ್ತು, ಐಡಲ್. ಆಹಾ ಅಂತ ಮನೆಯೋರಿಗೆ ಕರೆದು ತೋರಿಸ್ದೆ. ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗೋನಿದ್ದೆ, ಮಗಳು ಬಂದು ನಾನೊಂದ್ಸಲ ಸ್ಟಾರ್ಟ್ ಒತ್ತೀನಿ ಅಂದ್ಳು. ಸರಿ ಒತ್ತು ಅಂದೆ.

ತುಂಬ್ತು, ಕಾಯ್ತು, ಕೂಲ್ ಅಂತ ಬಂತು. ಹೋಲ್ಡ್ ಎಲ್ಲೋಯ್ತು? ಕಣ್ ಮಿಟುಕ್ಸಿದ್ರಲ್ಲಿ ಮಿಸ್ ಮಾಡ್ಕೊಂಡೆ ಅಂದ್ಕೊಂಡು ಮೂರನೇ ಸಲ ಓಡ್ಸಿದೆ, ಮತ್ತೆ ಹೋಲ್ಡ್ ಹಾರಿಸ್ಕೊಂಡು ಸೀದಾ ಕೂಲ್. ಅಂದ್ರೆ ದಿನದ ಮೊದಲ್ನೇ ಬ್ಯಾಚ್ ಹಾಲು 30 ನಿಮಿಷ ಪಾಶ್ಚರೈಸ್ ಆಗುತ್ತೆ, ಅದಾದ್ಮೇಲಿಂದ ಬರೋ ಅಷ್ಟೂ ಬ್ಯಾಚ್ ಬರೀ ಬಿಸಿ ಆಗಿ ಹಂಗೇ ತಣ್ಣಗಾಗಿ ಪ್ಯಾಕೆಟ್‌ಗೆ ಹೋಗುತ್ತೆ. ಯಾವ ಅಲಾರಾಂ ಇಲ್ಲ, ಕೆಂಪು ದೀಪ ಇಲ್ಲ, ಹಾಲಿನ ಬಣ್ಣದಲ್ಲಿ ವ್ಯತ್ಯಾಸ ಇಲ್ಲ. ನಿಜ ಹೇಳ್ತೀನಿ, ಅವತ್ತು ಊಟ ಸೇರ್ಲಿಲ್ಲ. ಕೆಲಸ ಒಪ್ಸೋವಾಗ ನಾವೆಲ್ಲ ಮಾಡೋದು ಏನು, ಒಂದ್ ಬ್ಯಾಚ್ ಓಡ್ಸಿ ತೋರ್ಸಿ ಮಾಲೀಕರ ಹತ್ರ ಸೈನ್ ಹಾಕಿಸ್ಕೊಂಡು ಬರೋದು.

ಕಾರಣ ಕೇಳಿ. ಟಿಓಎನ್ ಅನ್ನೋದು ಒಂದು ಫಂಕ್ಷನ್ ಬ್ಲಾಕ್, ಅಂದ್ರೆ ತನ್ನ ಸ್ಥಿತಿ ನೆನಪಿಟ್ಕೊಳ್ಳೋ ಕೋಡ್ ತುಂಡು, ಅದನ್ನ ಕರೆದಾಗ ಮಾತ್ರ ಅದಕ್ಕೆ ಜೀವ. ಅದು ರೀಸೆಟ್ ಆಗ್ಬೇಕು ಅಂದ್ರೆ ಇನ್ ಕಾಲು ಫಾಲ್ಸ್ ಆಗಿರೋ ಸ್ಥಿತಿಯಲ್ಲಿ ಒಂದ್ಸಲವಾದ್ರೂ ಅದನ್ನ ಕರೀಬೇಕು. ನನ್ನ ಕೋಡಲ್ಲಿ ಹೋಲ್ಡ್ ಬಿಟ್ಟು ಕೂಲ್‌ಗೆ ಹೋದ್ಮೇಲೆ ಟೈಮರ್‌ನ ಯಾರೂ ಕರೆಯೋದೇ ಇಲ್ಲ, ಪಾಪ ಅದು ಇನ್ ಟ್ರೂ, ಕ್ಯೂ ಟ್ರೂ ಅಂತ ಹೆಪ್ಪುಗಟ್ಟಿ ಕೂತಿರುತ್ತೆ. ಮುಂದಿನ ಬ್ಯಾಚಲ್ಲಿ ಹೀಟ್ ಮುಗ್ಸಿ 65 ಡಿಗ್ರಿಯಲ್ಲಿ ಹೋಲ್ಡ್‌ಗೆ ಬಂದು ಕರೆದಾಗ ಇನ್ ಮತ್ತೆ ಟ್ರೂನೇ, ಅದರ ಲೆಕ್ಕದಲ್ಲಿ ಮಧ್ಯೆ ಏನೂ ನಡೆದೇ ಇಲ್ಲ, ನನ್ನ ಟೈಮ್ ಆಗ್ಲೇ ಮುಗ್ದಿದೆಯಲ್ಲ ಸ್ವಾಮಿ ಅಂತ ಕ್ಯೂ ಕೊಟ್ಟು ಕೈ ತೊಳ್ಕೊಳ್ಳುತ್ತೆ. ಟೈಮರ್ ತಪ್ಪಲ್ಲ, ಕೋಡಿಸಿಸ್ ತಪ್ಪೂ ಅಲ್ಲ, ನೂರಕ್ಕೆ ನೂರು ನನ್ನದೇ. ರಿಲೇ ಟೈಮರ್ ಕಟ್ಟಿ ಬಂದೋರ ತಲೇಲಿ ಟೈಮರ್ ಅಂದ್ರೆ ಗಡಿಯಾರದ ಥರ ತನ್ನಷ್ಟಕ್ಕೆ ತಾನು ಓಡೋ ವಸ್ತು, ಕಾಯಿಲ್ ಸಪ್ಲೈ ಹೋದ್ರೆ ತಾನೇ ರೀಸೆಟ್ ಆಗುತ್ತೆ. ಇಲ್ಲಿ ಹಂಗಲ್ಲ.

ಪರಿಹಾರ ಎರಡು ನಿಮಿಷದ್ದು. ಟೈಮರ್‌ನ ಕೇಸ್‌ನಿಂದ ಆಚೆ ತಂದು ಪ್ರತಿ ಸ್ಕ್ಯಾನ್‌ಗೂ ಕರೆಯೋದು, ಇನ್ ಕಾಲಿಗೆ ಸ್ಟೇಟು ಹೋಲ್ಡ್ ಇದೆ ಮತ್ತು ಟೆಂಪರೇಚರ್ 63ಕ್ಕೆ ಕಡಿಮೆ ಇಲ್ಲ ಅಂತ ಎರಡೂ ಷರತ್ತು ಕೊಡೋದು. ಹೋಲ್ಡ್ ಬಿಟ್ಟ ಮುಂದಿನ ಸ್ಕ್ಯಾನಲ್ಲೇ ಇನ್ ಫಾಲ್ಸ್, ಟೈಮರ್ ಸೊನ್ನೆ. ಬಾಯ್ಲರ್ ಸೋತು ಮಧ್ಯೆ 62.8ಕ್ಕೆ ಇಳೀತು ಅಂದ್ರೂ ಸೊನ್ನೆ, ಮತ್ತೆ ಪೂರ್ತಿ 30 ನಿಮಿಷ. ಮಾಲೀಕ್ರು ಇದಕ್ಕೆ ಸ್ವಲ್ಪ ಗೊಣಗಿದ್ರು, 25 ನಿಮಿಷ ಆಗಿತ್ತಲ್ಲ ಉಳಿದ 5 ನಿಮಿಷ ಮಾತ್ರ ಎಣಿಸ್ಬಾರ್ದಾ ಅಂತ. ಆಗಲ್ಲ ಸಾರ್, ಒಂದೇ ಸಮ 30 ನಿಮಿಷ ಆಗ್ಬೇಕು ಅಂದೆ.

ಇದನ್ನ ಹಿಡಿದಿದ್ದು ಸಿಮ್ಯುಲೇಶನ್. ಮೆನುವಿನಲ್ಲಿ ಒಂದು ಟಿಕ್ ಹಾಕಿದ್ರೆ ಸಾಕು, ಯಾವ ಪಿಎಲ್‌ಸಿನೂ ಬೇಡ, ಲ್ಯಾಪ್‌ಟಾಪ್ ಒಳಗೇ ಓಡುತ್ತೆ. ಇನ್‌ಪುಟ್‌ಗಳನ್ನ ಕಂಟ್ರೋಲ್ ಎಫ್7 ಒತ್ತಿ ಕೈಯಲ್ಲೇ ಬರೀಬಹುದು, ಬರೀ ಎಫ್7 ಒತ್ತಿದ್ರೆ ಫೋರ್ಸ್ ಆಗುತ್ತೆ. ನಾನು ಇನ್ನೊಂದ್ ಹೆಜ್ಜೆ ಮುಂದೆ ಹೋಗಿ ಹತ್ತು ಸಾಲಿನ ಸುಳ್ಳು ತೊಟ್ಟಿ ಬರೆದೆ, ಸ್ಟೀಮ್ ವಾಲ್ವ್ ಆನ್ ಇದ್ರೆ ಟೆಂಪರೇಚರ್ ಸ್ವಲ್ಪ ಸ್ವಲ್ಪ ಏರ್ಸು, ಚಿಲ್ಡ್ ವಾಟರ್ ಆನ್ ಇದ್ರೆ ಇಳ್ಸು, ಫಿಲ್ ವಾಲ್ವ್ ಆನ್ ಇದ್ರೆ ಲೆವೆಲ್ ಏರ್ಸು. ಅಷ್ಟೇ. ಟ್ರೇಸ್ ಅಂತ ಒಂದಿದೆ, ಅದರಲ್ಲಿ ಸ್ಟೇಟು, ಟೆಂಪರೇಚರ್, ಟೈಮರ್ ಮೂರನ್ನೂ ಗ್ರಾಫ್ ಹಾಕಿ ಬಿಟ್ರೆ ಐದು ಬ್ಯಾಚ್ ಓಡಿದ್ದು ಒಂದೇ ಚಿತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ, ಹೋಲ್ಡ್ ಮೆಟ್ಲು ಎಲ್ಲಾ ಬ್ಯಾಚಲ್ಲೂ ಒಂದೇ ಅಗಲ ಇದೆಯಾ ಅಂತ ಕಣ್ಣಲ್ಲೇ ಅಳೀಬಹುದು. ಈಗ ಪ್ರತಿ ಸೈಟ್‌ಗೂ ಮೊದಲು ಇದನ್ನ ಮಾಡ್ತೀನಿ.

ಅದೇ ಸುಳ್ಳು ತೊಟ್ಟಿಯಿಂದ ಇನ್ನೊಂದು ವಿಷಯಾನೂ ಯೋಚನೆಗೆ ಬಂತು. ಪಿಟಿ100 ಸೆನ್ಸರ್‌ನ ವೈರ್ ಕಿತ್ತೋದ್ರೆ ಏನಾಗುತ್ತೆ? ಅದು ರೆಸಿಸ್ಟೆನ್ಸ್ ಅಳ್ಯೋ ಸೆನ್ಸರು, ಸೊನ್ನೆ ಡಿಗ್ರಿಗೆ 100 ಓಮ್, 63 ಡಿಗ್ರಿಗೆ 124 ಚಿಲ್ಲರೆ, ಬಿಸಿ ಜಾಸ್ತಿ ಆದಂಗೆ ಓಮ್ ಜಾಸ್ತಿ. ವೈರ್ ಕಟ್ ಆದ್ರೆ ಓಮ್ ಅನಂತ, ಅಂದ್ರೆ ಸಾಮಾನ್ಯವಾಗಿ ರೀಡಿಂಗ್ ಮೇಲಿನ ತುದಿಗೆ ಹೋಗಿ ಕೂರುತ್ತೆ. ಪ್ರೋಗ್ರಾಮ್ ಕಣ್ಣಿಗೆ ಹಾಲು ಬೆಂಕಿಯಂಗೆ ಕಾದಿದೆ, ತೊಟ್ಟೀಲಿ ಇರೋದು ಹಸಿ ಹಾಲು! ಹಂಗಾಗಿ ಟೆಂಪರೇಚರ್ 100 ದಾಟಿದ್ರೆ ಯಾವ ಸ್ಟೇಟಲ್ಲಿದ್ರೂ ಫಾಲ್ಟ್‌ಗೆ ಹೋಗು ಅಂತ ಕೇಸ್ ಮುಗಿದ್ಮೇಲೆ ಒಂದೇ ಸಾಲು ಬರೆದೆ. ಎಲ್ಲಿಂದ ಬೇಕಾದ್ರೂ ಫಾಲ್ಟ್‌ಗೆ ಜಿಗಿಯೋದು ಕೇಸ್‌ನಲ್ಲಿ ಒಂದು ಸಾಲು. ಎಸ್‌ಎಫ್‌ಸಿಯಲ್ಲಿ ಇದೇ ಕಷ್ಟ, ಅದಕ್ಕೆ ಈಗ ಬರ್ತೀನಿ.

ಎಸ್‌ಎಫ್‌ಸಿ ನೋಡೋಕೆ ತುಂಬ ಚೆಂದ. 1977ರಲ್ಲಿ ಫ್ರಾನ್ಸ್‌ನೋರು ಗ್ರಾಫ್‌ಸೆಟ್ ಅಂತ ಮಾಡಿದ್ದೇ ಇದರ ಮೂಲ. ಚೌಕ ಅಂದ್ರೆ ಸ್ಟೆಪ್, ಅಡ್ಡಗೆರೆ ಅಂದ್ರೆ ಟ್ರಾನ್ಸಿಶನ್ ಷರತ್ತು, ಮೇಲಿಂದ ಕೆಳಕ್ಕೆ ಇಳ್ಕೊಂಡು ಹೋಗುತ್ತೆ, ಓಡ್ತಾ ಇರೋ ಸ್ಟೆಪ್ಪು ಆನ್‌ಲೈನ್‌ನಲ್ಲಿ ನೀಲಿ ಆಗುತ್ತೆ. ಮಾಲೀಕರಿಗೆ ಕೇಸ್ ಕೋಡ್ ತೋರಿಸ್ದಾಗ ಹೂಂ ಹೂಂ ಅಂತ ತಲೆ ಆಡ್ಸಿದ್ರು, ಎಸ್‌ಎಫ್‌ಸಿ ತೋರಿಸ್ದಾಗ ಅವ್ರೇ ಬೆರಳಿಟ್ಟು ಇಲ್ಲಿ ಹಾಲು ತುಂಬಿದ್ಮೇಲೆ ಕಡೆಗೋಲು ಶುರು ಆಗ್ಬೇಕಲ್ವಾ, ಯಾಕಿಲ್ಲ ಅಂತ ಕೇಳಿದ್ರು. ಅಜಿಟೇಟರ್‌ಗೆ ಅವ್ರು ಕಡೆಗೋಲು ಅಂತಾರೆ, ನನಗೂ ಈಗ ಅದೇ ಅಭ್ಯಾಸ ಆಗಿದೆ. ಅವ್ರು ಹೇಳಿದ್ದು ಸರಿ ಇತ್ತು, ನಾನು ಮರ್ತಿದ್ದೆ. ಜೋಡಿ ಗೆರೆ ಹಾಕಿ ಪ್ಯಾರಲಲ್ ಬ್ರಾಂಚ್ ಮಾಡಿದ್ರೆ ಒಂದ್ ಕಡೆ ಕಾಯ್ಸೋದು ಒಂದ್ ಕಡೆ ಕಡೆಯೋದು ಜೊತೆಗೇ ಓಡುತ್ತೆ, ಎರಡೂ ಮುಗಿದ್ಮೇಲೆ ಒಂದಾಗುತ್ತೆ. ಕೇಸ್‌ನಲ್ಲಿ ಇದಕ್ಕೆ ಎರಡನೇ ಸ್ಟೇಟ್ ವೇರಿಯಬಲ್ ಬೇಕು.

ಪ್ರತಿ ಸ್ಟೆಪ್‌ಗೂ ಕನಿಷ್ಠ, ಗರಿಷ್ಠ ಸಮಯ ಕೊಡೋ ಸೌಲಭ್ಯ ಇದೆ, ಹೀಟ್ ಸ್ಟೆಪ್‌ಗೆ ಗರಿಷ್ಠ 45 ನಿಮಿಷ ಅಂತ ಕೊಟ್ರೆ, ಬಾಯ್ಲರ್ ಆರಿಹೋಗಿ ಅಷ್ಟರೊಳಗೆ ಹಾಲು ಕಾಯದೇ ಇದ್ರೆ ಎಸ್‌ಎಫ್‌ಸಿ ಎರರ್ ಅನ್ನೋ ಫ್ಲಾಗ್ ಬರುತ್ತೆ. ಆದ್ರೆ ಆ ಫ್ಲಾಗ್‌ಗಳನ್ನ ಮೊದಲು ನಾವು ಡಿಕ್ಲೇರ್ ಮಾಡ್ಕೊಂಡಿರ್ಬೇಕು, ಎಸ್‌ಎಫ್‌ಸಿ ಎನೇಬಲ್ ಲಿಮಿಟ್ ಅನ್ನೋದನ್ನ ಟ್ರೂ ಮಾಡಿರ್ಬೇಕು, ಇಲ್ಲಾಂದ್ರೆ ಸಮಯ ಕೊಟ್ಟಿದ್ದೂ ದಂಡ. ಹೆಲ್ಪ್‌ನಲ್ಲಿ ಬರೆದಿದೆ, ನಾನೇ ಓದಿರ್ಲಿಲ್ಲ.

ಎಸ್‌ಎಫ್‌ಸಿಯಲ್ಲಿ ನಾನು ತಲೆ ಕೆರ್ಕೊಂಡ ಇನ್ನೊಂದು ಜಾಗ ಅಂದ್ರೆ ಕ್ವಾಲಿಫೈಯರ್ (ಯಾವಾಗ, ಎಷ್ಟೊತ್ತು ಓಡ್ಬೇಕು ಅನ್ನೋ ಗುರುತು) ಹಾಕೋ ಆಕ್ಷನ್‌ಗಳು, ಅಂದ್ರೆ ಸ್ಟೆಪ್‌ಗೆ ಅಂಟಿಸೋ ಕೋಡ್. ಸ್ಟೆಪ್ ಮುಗಿದ್ಮೇಲೂ ಆ ಆಕ್ಷನ್ ಕೊನೇದಾಗಿ ಇನ್ನೊಂದ್ಸಲ ಓಡುತ್ತೆ, ಸ್ಟ್ಯಾಂಡರ್ಡೇ ಹಂಗಿದೆ, ಅಂದ್ರೆ ಕನಿಷ್ಠ ಎರಡು ಸಲ ಓಡೇ ಓಡುತ್ತೆ. ಬ್ಯಾಚ್ ಕೌಂಟರ್‌ಗೆ ಒಂದು ಕೂಡೋ ಸಾಲನ್ನ ಅಂಥ ಆಕ್ಷನ್‌ನಲ್ಲಿ ಬರೆದಿದ್ದೆ, ಮೊದಲ್ನೇ ಬ್ಯಾಚ್ ಮುಗಿಯೋದ್ರೊಳಗೆ ಕೌಂಟರ್ ಸಾವಿರ ದಾಟಿತ್ತು, ಪ್ರತಿ ಸ್ಕ್ಯಾನ್‌ಗೂ ಕೂಡ್ತಿತ್ತು ಅನ್ನೋದು ಬೇಗ ಹೊಳೀತು, ಅದನ್ನ ಸರಿ ಮಾಡಿ ಒಂದೇ ಸ್ಕ್ಯಾನ್‌ನ ಸ್ಟೆಪ್‌ಗೆ ಹಾಕಿದ್ಮೇಲೂ ಒಂದರ ಬದ್ಲು ಎರಡೆರಡು ಕೂಡ್ತಿತ್ತು ನೋಡಿ, ಅದು ಹೊಳೀಲಿಲ್ಲ. ಅಂಥದ್ದನ್ನ ಸ್ಟೆಪ್‌ನ ಎಂಟ್ರಿ ಆಕ್ಷನ್‌ನಲ್ಲಿ ಹಾಕ್ಬೇಕು, ಒಳಗೆ ಬಂದಾಗ ಒಂದ್ಸಲ ಓಡಿ ಸುಮ್ನಾಗುತ್ತೆ.

ಎಲ್ಲಿಂದ ಬೇಕಾದ್ರೂ ಫಾಲ್ಟ್‌ಗೆ ಹೋಗೋದು ಅಂದ್ನಲ್ಲ, ಎಸ್‌ಎಫ್‌ಸಿಯಲ್ಲಿ ಪ್ರತಿ ಸ್ಟೆಪ್ಪಿಂದ್ಲೂ ಒಂದೊಂದು ಕೊಂಬೆ, ಜಂಪ್ ಹಾಕ್ತಾ ಹೋದ್ರೆ ಚಿತ್ರ ದೀಪಾವಳಿ ಪಟಾಕಿ ಸರ ಆಗುತ್ತೆ. ಎಸ್‌ಎಫ್‌ಸಿ ಇನಿಟ್, ಎಸ್‌ಎಫ್‌ಸಿ ರೀಸೆಟ್ ಫ್ಲಾಗ್‌ಗಳಿಂದ ಮೊದಲ್ನೇ ಸ್ಟೆಪ್‌ಗೆ ವಾಪಸ್ ತರಬಹುದು, ಆದ್ರೆ ನನಗೆ ಬೇಕಿರೋದು ಮೊದಲ್ನೇ ಸ್ಟೆಪ್ ಅಲ್ವಲ್ಲ, ಫಾಲ್ಟ್ ಸ್ಟೆಪ್ಪು. ಕೊನೆಗೆ ಹಾಸನದ ಮಷಿನ್‌ಗೆ ಹಾಕಿದ್ದು ಕೇಸ್. ಎಸ್‌ಎಫ್‌ಸಿನ ಪ್ರಿಂಟ್ ತೆಗೆದು ಪ್ಯಾನೆಲ್ ಬಾಗಿಲ ಒಳಗಡೆ ಅಂಟ್ಸಿದೀನಿ, ಡ್ರಾಯಿಂಗ್ ಥರ. ಸೀದಾ ಸಾಲಾಗಿ ಹೋಗೋ ಕೆಲಸ, ಪ್ಯಾರಲಲ್ ಜಾಸ್ತಿ ಇರೋದು, ಗಿರಾಕಿ ಜೊತೆ ಕೂತು ಮಾತಾಡ್ಬೇಕಿರೋದು ಇದ್ರೆ ಎಸ್‌ಎಫ್‌ಸಿನೇ ವಾಸಿ. ಎಲ್ಲೆಲ್ಲಿಂದಲೋ ಏನೇನೋ ಕೆಡೋ ಮಷಿನ್‌ಗೆ ಕೇಸ್.

ಎಮರ್ಜೆನ್ಸಿ ಸ್ಟಾಪ್ ಬಗ್ಗೆ ಒಂದು ಮಾತು, ಯಾಕಂದ್ರೆ ಹೊಸಬ್ರು ಅದನ್ನೂ ಒಂದು ಸ್ಟೇಟ್ ಮಾಡಿ ಬಿಟ್ಬಿಡ್ತಾರೆ. ಅದು ಸೇಫ್ಟಿ ರಿಲೇ ಮೂಲಕ ವೈರಲ್ಲೇ ಸಪ್ಲೈ ಕತ್ತರಿಸ್ಬೇಕು, ಪಿಎಲ್‌ಸಿಗೆ ಬರೀ ಸುದ್ದಿ ಮುಟ್ಟಿದ್ರೆ ಸಾಕು.

ಕರೆಂಟ್ ಹೋಗೋದು ನಮ್ ಕಡೆ ಹೇಳೋದೇ ಬೇಡ. ಕರೆಂಟ್ ವಾಪಸ್ ಬಂದಾಗ ರಿಟೇನ್ (ಕರೆಂಟ್ ಹೋದ್ರೂ ಬೆಲೆ ಉಳಿಸ್ಕೋ) ಅಂತ ಹಾಕದಿರೋ ವೇರಿಯಬಲ್‌ಗಳೆಲ್ಲ ಮೊದಲ್ನೇ ಬೆಲೆಗೆ ಹೋಗ್ತವೆ, ಅಂದ್ರೆ ನನ್ನ ಸ್ಟೇಟು ಐಡಲ್. ಐಡಲ್ ಅಂದ್ರೆ ತೊಟ್ಟಿ ಖಾಲಿ ಅಂತ ಅರ್ಥ, ಸ್ಟಾರ್ಟ್ ಒತ್ತಿದ್ರೆ ಫಿಲ್ ವಾಲ್ವ್ ತೆರೆಯುತ್ತೆ, ಆದ್ರೆ ತೊಟ್ಟೀಲಿ ಅರ್ಧ ಕಾದ 500 ಲೀಟರ್ ಹಾಲು ಇದೆ. ಹಾಗಂತ ಸ್ಟೇಟನ್ನ ರಿಟೇನ್ ಮಾಡಿದ್ರೆ ಹೋಲ್ಡ್‌ನಲ್ಲೇ ಕಣ್ ಬಿಡುತ್ತೆ, ಕರೆಂಟ್ ಎಷ್ಟೊತ್ತು ಇರ್ಲಿಲ್ಲ, ಹಾಲು ಏನಾಯ್ತು ಅಂತ ಅದಕ್ಕೇನು ಗೊತ್ತು. ಬಿಸಿ ತುಪ್ಪ ಬಾಯಿಗೆ ಹಾಕ್ಕೊಂಡಂಗೆ, ಉಗುಳೋ ಹಂಗಿಲ್ಲ ನುಂಗೋ ಹಂಗಿಲ್ಲ. ನಾನು ಮಾಡಿದ್ದು ಬೇರೆ, ಆನ್ ಆದ ತಕ್ಷಣ ಲೆವೆಲ್ ಸ್ವಿಚ್ ನೋಡು, ಹಾಲಿದ್ರೆ ಹೊಸ ಸ್ಟೇಟು, ಅಲ್ಲಿ ಎಲ್ಲಾ ವಾಲ್ವ್ ಬಂದ್, ಆಪರೇಟರ್ ಬಂದು ಮತ್ತೆ ಕಾಯ್ಸೋದಾ ಚೆಲ್ಲೋದಾ ಅಂತ ಒತ್ತೋವರೆಗೂ ಸುಮ್ನಿರು. ಈ ಸ್ಟೇಟು ನನ್ನ ಮೊದಲ ಪಟ್ಟೀಲಿ ಇರ್ಲೇ ಇಲ್ಲ.

ಕಲಿಯೋಕೆ ಹಾರ್ಡ್‌ವೇರ್ ಬೇಕು ಅನ್ನೋರಿಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಓಡೋ ರನ್‌ಟೈಮ್ ಇದೆ. ಲೈಸೆನ್ಸ್ ಇಲ್ದೆ ಎರಡು ಗಂಟೆ ಓಡಿ ನಿಂತೋಗುತ್ತೆ, ಮತ್ತೆ ಸ್ಟಾರ್ಟ್ ಮಾಡ್ಕೋಬೇಕು, ಕಲಿಯೋಕೆ ಧಾರಾಳವಾಗಿ ಸಾಕು. ಪೈ ಕಾಲುಗಳು 3.3 ವೋಲ್ಟು, ನಮ್ಮ ಪ್ಯಾನೆಲ್‌ಗಳೆಲ್ಲ 24 ವೋಲ್ಟು, ಸೀದಾ ಕೊಟ್ರೆ ಢಮಾರ್. ಎಸ್.ಪಿ. ರೋಡಲ್ಲಿ ಒಂದ್ ಅಂಗಡಿಯೋನು ಸಾರ್ ಇದು ಎಲ್ಲದಕ್ಕೂ ಆಗುತ್ತೆ ಅಂತ ರಿಲೇ ಬೋರ್ಡ್ ಕೊಟ್ಟ, ಮನೆಗೆ ಬಂದು ನೋಡಿದ್ರೆ ಅದು ಉಲ್ಟಾ, ಸಿಗ್ನಲ್ ಸೊನ್ನೆ ಕೊಟ್ರೆ ರಿಲೇ ಆನ್, ಪ್ರೋಗ್ರಾಮಲ್ಲಿ ಆಫ್ ಅಂದಾಗೆಲ್ಲ ಟಕ್ ಅಂತ ಎಳ್ಕೊಳ್ಳೋದು. ವಾಪಸ್ ತಗೊಳ್ಳಲ್ಲ ಅಂದ. ಪೈ ಕಲಿಯೋಕೆ ಚೆನ್ನಾಗಿದೆ, ಡೈರೀಲಿ ಸ್ಟೀಮ್, ನೀರು, ಹಬೆ ಮಧ್ಯೆ ನಾನಂತೂ ಇಡಲ್ಲ.

ಕೋರ್ಸ್ ಬಗ್ಗೆಯೂ ಕೇಳ್ತಾರೆ. ನಾನು ಮುಂಚೆ ಒಂದು ಕಡೆ ದುಡ್ಡು ಕಟ್ಟಿ ಪಿಎಲ್‌ಸಿ ಕೋರ್ಸ್ ಮಾಡಿದ್ದೆ, ಹೆಸರು ಬೇಡ, ಆರು ವಾರ ಲ್ಯಾಡರ್‌ನಲ್ಲಿ ಟ್ರಾಫಿಕ್ ಸಿಗ್ನಲ್ ಮಾಡ್ಸಿ ಸರ್ಟಿಫಿಕೇಟ್ ಕೊಟ್ರು. ಟ್ರಾಫಿಕ್ ಸಿಗ್ನಲ್ ಅನ್ನೋದೇ ಸ್ಟೇಟ್ ಮಷಿನ್ ಅಲ್ವೇನ್ರೀ, ಕೆಂಪು, ಹಸಿರು, ಹಳದಿ! ಆ ಮಾತು ಒಂದ್ಸಲ ಹೇಳಿದ್ರೂ ನನ್ನ ಒಂದ್ ವರ್ಷ ಉಳೀತಿತ್ತು. ಕೋಡಿಸಿಸ್‌ನ ಆನ್‌ಲೈನ್ ಹೆಲ್ಪ್ ಓದಿದ್ರೆ ಸಾಕು, ಇಂಗ್ಲಿಷಲ್ಲಿದೆ, ಭಾಷೆ ಸ್ವಲ್ಪ ಒಣ ಒಣ.

ಪ್ಯಾಕಿಂಗ್ ಲೈನ್ ಥರ ದೊಡ್ಡ ಕೆಲಸ ಮಾಡೋರು ಪ್ಯಾಕ್‌ಎಂಎಲ್ ಅಂತ ಹುಡುಕಿ ನೋಡಿ, 17 ಸ್ಟೇಟ್‌ಗಳ ರೆಡಿ ನಕ್ಷೆ. ಹೋಲ್ಡು ಬೇರೆ, ಸಸ್ಪೆಂಡು ಬೇರೆ ಅಂತ ಅದರಲ್ಲಿ ಬಿಡಿಸಿಟ್ಟಿದಾರೆ, ಮಷಿನ್ ಒಳಗಿನ ಕಾರಣಕ್ಕೆ ನಿಂತ್ರೆ ಹೋಲ್ಡ್, ಹಿಂದಿನ ಮುಂದಿನ ಮಷಿನ್ ಕಾರಣಕ್ಕೆ ನಿಂತ್ರೆ ಸಸ್ಪೆಂಡ್. ನನ್ನ ತೊಟ್ಟಿಗೆ ಅಷ್ಟೆಲ್ಲ ಬೇಡ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಳೆದಿದ್ದು ವಿಂಡೋಸ್ ಬಿಟ್ಟು ಬೇರೆ ಕಡೆ ಓಡಲ್ಲ ಅನ್ನೋದಕ್ಕೆ ಅರ್ಧ, ಮರೆತ ಸ್ಟೇಟ್ ಬಗ್ಗೆ ಕಂಪೈಲರ್ ಬಾಯಿ ಬಿಡಲ್ಲ ಅನ್ನೋದಕ್ಕೆ ಅರ್ಧ. ನಿಮ್ಮ ಗಿರಾಕಿ ಹತ್ರ ಆಗ್ಲೇ ಕೋಡಿಸಿಸ್ ಅಲ್ಲದ ಪಿಎಲ್‌ಸಿ ಇದ್ರೆ ಪ್ರಾಜೆಕ್ಟ್ ಅದಕ್ಕೆ ಇಳಿಯಲ್ಲ ಅನ್ನೋದು ನೆನಪಿರ್ಲಿ, ಆದ್ರೂ ಸಿಮ್ಯುಲೇಶನ್‌ನಲ್ಲಿ ಇಲ್ಲಿ ಬರೆದು ನೋಡ್ಕೊಂಡು ಅಲ್ಲಿ ಮತ್ತೆ ಬರೀಬಹುದು.

ಅಂದಹಾಗೆ ಇದರಲ್ಲೇ ವಿಶುವಲೈಸೇಶನ್ (ಆಪರೇಟರ್ ನೋಡೋ ಸ್ಕ್ರೀನ್ ಮಾಡೋದು) ಇದೆ, ಟೆಕ್ಸ್ಟ್ ಲಿಸ್ಟ್‌ನಲ್ಲಿ ಬೇರೆ ಬೇರೆ ಭಾಷೆ ಹಾಕಬಹುದು, ಆಪರೇಟರ್‌ಗೆ ಅನುಕೂಲ ಆಗ್ಲಿ ಅಂತ ಸ್ಟೇಟ್ ಹೆಸರೆಲ್ಲ ಕನ್ನಡದಲ್ಲಿ ಬರೆದೆ. ತುಂಬ್ತಿದೆ, ಕಾಯ್ತಿದೆ, ಹಿಡಿದಿಟ್ಟಿದೆ, ತಣೀತಿದೆ, ಖಾಲಿ ಆಗ್ತಿದೆ. ಖುಷಿಯಾಗಿ ಒಪ್ಸಿ ಬಂದೆ. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಆಪರೇಟರ್ ಫೋನು, ಅಣ್ಣಾ ಮಷಿನ್ ಏನಕ್ಕೋ ಕಾಯ್ತಿದೆ ಅಂತ ಬರ್ತಾ ಇದೆ, ಹತ್ತು ನಿಮಿಷದಿಂದ ಸ್ಟಾರ್ಟ್ ಒತ್ತುತ್ತಾನೇ ಇದೀನಿ, ಏನಕ್ಕೆ ಕಾಯ್ತಿದೆ ಅಂತ ಹೇಳ್ತಾನೇ ಇಲ್ಲ. ಹಾಲು ಕಾಯ್ತಿದೆ ಕಣೋ ಅಂದೆ. ಹಾಲು ಯಾರಿಗೆ ಕಾಯುತ್ತೆ ಅಂದ. ಈಗ ಅಲ್ಲಿ ಬಿಸಿ ಆಗ್ತಿದೆ ಅಂತ ಬದಲಾಯಿಸಿದೀನಿ, ಆನ್‌ಲೈನ್ ಚೇಂಜ್, ಮಷಿನ್ ನಿಲ್ಲಿಸ್ಲಿಲ್ಲ.